ಚೀನೀ ನುಡಿಗಟ್ಟು ಕಲಿಯುವವರಿಗೆ ಒಂದು ಸಲಹೆ

ಚೀನೀ ಭಾಷೆಯ ಚೆಂಗ್‌ಯೂಗಳನ್ನು, ಅಂದರೆ ಸಾಮಾನ್ಯವಾಗಿ ನಾಲ್ಕಕ್ಷರದ ನುಡಿಗಟ್ಟುಗಳನ್ನು, ಕಲಿಯುವವರು ಅಕ್ಷರಾರ್ಥ ಮತ್ತು ಭಾವಾರ್ಥಗಳ ಜೊತೆಗೆ ಆ ಮಾತು ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ‘ಶೌ ಝೂ ದೈ ತೂ’ ಎಂಬುದರ ಅಕ್ಷರಾರ್ಥ, ಮೋಟುಮರದ ಬಳಿ ಮೊಲಕ್ಕಾಗಿ ಕಾಯುವುದು. ಇಷ್ಟನ್ನೇ ಓದಿದವರು ಇದನ್ನು ತಾಳ್ಮೆಯ ಪ್ರಶಂಸೆಯೆಂದು ಭಾವಿಸಬಹುದು. ಆದರೆ ‘ಹಾನ್ ಫೈ ಝಿ’ ಎಂಬ ಪ್ರಾಚೀನ ಚೀನೀ ಗ್ರಂಥದಲ್ಲಿ ಬರುವ ಸಾಂಗ್ ರಾಜ್ಯದ ರೈತನು, ಓಡಿಬಂದ ಮೊಲವೊಂದು ಮೋಟುಮರಕ್ಕೆ ಬಡಿದು ಸತ್ತದ್ದನ್ನು ಕಂಡು, ಉಳುಮೆ ಬಿಟ್ಟು ಇನ್ನೊಂದು ಮೊಲಕ್ಕಾಗಿ ಅಲ್ಲೇ ಕಾದು ನಗೆಪಾಟಲಾದವನು. ಹಾಗಾಗಿ, ದುಡಿಯದೆ ಅದೃಷ್ಟವನ್ನೇ ನೆಚ್ಚಿ ಕೂತವರನ್ನು ಮೂದಲಿಸಲು ಇದು ಬಳಕೆಯಾಗುತ್ತದೆ. (ಚೀನೀ ಗೆಳೆಯರ ಸಹನೆಯನ್ನು ಮೆಚ್ಚಲು ಖಂಡಿತ ಬಳಸಬೇಡಿ!) ಹಾವಿನ ಚಿತ್ರಕ್ಕೆ ಕಾಲು ಸೇರಿಸುವುದು ಎಂಬ ‘ಹುವಾ ಶ ತಿಯನ್ ಝೂ’ ಅಷ್ಟು ತೊಡಕಿನದಲ್ಲ, ಬೇಡದ್ದನ್ನು ಸೇರಿಸಿ ಕೆಲಸ ಕೆಡಿಸುವುದೆಂಬ ಅದರ ಭಾವವನ್ನು ಕಥೆ ತಿಳಿಯದವರೂ ಊಹಿಸಬಲ್ಲರು.