ಊಟ ಮೊದಲು, ಊರು ಆಮೇಲೆ: ಶಿವಮೊಗ್ಗದಲ್ಲಿ ನಮ್ಮ ಭಾನುವಾರದ ಬಳಗ

ಶಿವಮೊಗ್ಗಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು ‘ಇಲ್ಲಿ ನೋಡೋಕೆ ಏನೇನಿದೆ?’ ಅಂತ. ಜೋಗ, ಆಗುಂಬೆ, ಸಕ್ರೆಬೈಲು, ತ್ಯಾವರೆಕೊಪ್ಪ ಅಂತ ಎಲ್ಲರೂ ಒಂದೇ ಪಟ್ಟಿ ಹೇಳುತ್ತಾರೆ. ಕೆಲವು ತಿಂಗಳಲ್ಲಿ ಆ ಪಟ್ಟಿ ಮುಗಿಯುತ್ತದೆ. ಆಮೇಲೆ ಭಾನುವಾರ ಅಂದರೆ ಮತ್ತೆ ಟಿವಿ, ಬಟ್ಟೆ ಒಗೆಯುವುದು, ವಾರಕ್ಕಾಗುವಷ್ಟು ದೋಸೆ ಹಿಟ್ಟು ರುಬ್ಬುವುದು. ಕೆಲಸದ ಮೇಲೆ ನಾನು ಈ ಊರಿಗೆ ಬಂದಾಗ ನಲವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಸ್ನೇಹಿತರು ತಾವಾಗಿ ಸಿಗುವುದಿಲ್ಲ. ಕಾಲೇಜಿಲ್ಲ, ಹಾಸ್ಟೆಲ್ ಇಲ್ಲ. ಆಫೀಸಿನವರಿಗೆ ಸಂಜೆಯಾದರೆ ಅವರವರ ಮನೆ, ಮಕ್ಕಳು. ಹಾಗಾಗಿ ನಾನೇ ಒಂದು ಬಳಗ ಕಟ್ಟಿದೆ. ಅದು ಈಗಲೂ ಗಟ್ಟಿಯಾಗಿ ನಡೆಯುತ್ತಿದೆ. ಹೇಗೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಒಂದೇ ಪದ್ಧತಿ. ಜಾಗ ಆರಿಸಿಕೊಂಡು ಅಲ್ಲಿ ಊಟ ಹುಡುಕುವುದಿಲ್ಲ. ಈಗ ಏನು ತಿನ್ನುವ ಕಾಲ ಅಂತ ನೋಡುತ್ತೇವೆ, ಅದು ಎಲ್ಲಿ ಚೆನ್ನಾಗಿ ಸಿಗುತ್ತದೋ ಅಲ್ಲಿಗೆ ಹೋಗುತ್ತೇವೆ. ಜಾಗವನ್ನು ಒಂದು ಸಲ ನೋಡಿದರೆ ‘ನೋಡಿ ಆಯ್ತಲ್ಲ’ ಅನಿಸುತ್ತದೆ. ಮಲೆನಾಡಿನ ತಿನಿಸು ಹಾಗಲ್ಲ. ವರ್ಷಕ್ಕೊಮ್ಮೆ ಬರುತ್ತದೆ, ಕೆಲವೇ ವಾರ ಇರುತ್ತದೆ, ಹೋಗಿಬಿಡುತ್ತದೆ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಅದರಿಂದಲೇ ಜನ ‘ಮುಂದಿನ ತಿಂಗಳು ನೋಡೋಣ’ ಅನ್ನದೆ ಹೊರಡುತ್ತಾರೆ.

ಇದು ಹೊಳೆದದ್ದು ತರಕಾರಿ ಮಾರುಕಟ್ಟೆಯಲ್ಲಿ. ಮಳೆ ಹಿಡಿದ ದಿನಗಳು. ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆಯ ರಾಶಿಯ ಮುಂದೆ ನಿಂತು ಇದನ್ನು ಏನು ಮಾಡುವುದು ಅಂತ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಸಾಗರದ ಕಡೆಯ ಹೆಂಗಸೊಬ್ಬರು ತಾವಾಗಿಯೇ ಹೇಳಿದರು: ಸಣ್ಣಗೆ ಹೆಚ್ಚಿ ನೀರಲ್ಲಿ ಹಾಕಬೇಕು, ಎರಡು ಮೂರು ದಿನ ದಿನಾ ನೀರು ಬದಲಿಸಬೇಕು, ಆ ನೀರನ್ನು ಚೆಲ್ಲಲೇಬೇಕು. ಎಳೆ ಬಿದಿರಿನಲ್ಲಿ ವಿಷದ ಅಂಶ ಇರುತ್ತದೆ, ನೆನೆಸಿ ಬೇಯಿಸಿದರೆ ಹೋಗುತ್ತದೆ. ‘ಸುಮ್ನೆ ಕೇಳಿದ್ರೆ ಗೊತ್ತಾಗಲ್ಲ ಮಾರಾಯ್ರೇ, ಭಾನುವಾರ ಮನೆಗೇ ಬನ್ನಿ’ ಅಂದರು. ಹೋದೆ. ಕಳಲೆ ಪಲ್ಯ, ಕಳಲೆ ಹುಳಿ, ಬಿಸಿ ಅನ್ನ. ಅವರ ಎದುರು ಮನೆಯ ನಿವೃತ್ತ ಮೇಷ್ಟ್ರೂ ಊಟಕ್ಕೆ ಬಂದಿದ್ದರು. ಆ ಎಲೆಯ ಮುಂದೆಯೇ ಮುಂದಿನ ತಿರುಗಾಟ ನಿಶ್ಚಯವಾಯಿತು: ಮೇಷ್ಟ್ರ ಊರು ತೀರ್ಥಹಳ್ಳಿ ಕಡೆ, ಅಲ್ಲಿಗೆ ಪತ್ರೊಡೆ ತಿನ್ನಲು. ಆಮೇಲೆ ನನ್ನ ಆಫೀಸಿನ ಇಬ್ಬರು ಸೇರಿಕೊಂಡರು. ಹೀಗೆ ಒಬ್ಬರಿಂದ ಇನ್ನೊಬ್ಬರು.

ಜನ ಎಷ್ಟಿರಬೇಕು ಅನ್ನುವುದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಒಂದು ಗಾಡಿಯಲ್ಲಿ ಹಿಡಿಸುವಷ್ಟು, ಅಷ್ಟೇ. ಎರಡು ಗಾಡಿ ಆದರೆ ಎರಡು ಗುಂಪು ಆಗುತ್ತದೆ. ಒಬ್ಬರಿಗಾಗಿ ಇನ್ನೊಬ್ಬರು ದಾರಿಯಲ್ಲಿ ಕಾಯುವುದು, ಫೋನು, ಸಿಟ್ಟು. ಒಂದೇ ಗಾಡಿಯಾದರೆ ಹೋಗುವಾಗಿನ ಹರಟೆಯೇ ಅರ್ಧ ಪ್ರವಾಸ. ಇನ್ನೂ ಮುಖ್ಯವಾದದ್ದು, ಹಳ್ಳಿಯ ಮನೆಯಲ್ಲಿ ಊಟಕ್ಕೆ ಹೇಳುವಾಗ ಏಳೆಂಟು ಜನ ಅಂದರೆ ಆ ಮನೆಯವರು ನಗುನಗುತ್ತಾ ಒಪ್ಪುತ್ತಾರೆ. ಇಪ್ಪತ್ತು ಅಂದರೆ ಅದು ಅವರಿಗೆ ಮದುವೆ ಮನೆ ಕೆಲಸ.

ದಿನ ತಿಂಗಳ ಎರಡನೇ ಭಾನುವಾರ. ಹಿಂದಿನ ದಿನ ಸಾಮಾನ್ಯವಾಗಿ ಎರಡನೇ ಶನಿವಾರದ ರಜೆ ಇರುವುದರಿಂದ ಮನೆ ಕೆಲಸ ಅವತ್ತೇ ಮುಗಿಯುತ್ತದೆ. ‘ಯಾರಿಗೆ ಯಾವಾಗ ಬಿಡುವು?’ ಅಂತ ಕೇಳುವುದೇ ಇಲ್ಲ. ಬರುವವರು ಬರುತ್ತಾರೆ, ಆಗದವರು ಮುಂದಿನ ತಿಂಗಳು. ಖರ್ಚು ಸಮಪಾಲು, ಲೆಕ್ಕ ಮೇಷ್ಟ್ರದು. ಇನ್ನೊಂದು ಕರಾರು ನಾನೇ ಹಾಕಿದ್ದು: ಹೆಂಗಸರು ಹಿಂದಿನ ರಾತ್ರಿ ಕೂತು ಚಪಾತಿ ಲಟ್ಟಿಸಿ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪುಳಿಯೋಗರೆ ಕಲಸುವ ಪಿಕ್ನಿಕ್ ನಮ್ಮದಲ್ಲ. ದಾರಿ ತಿಂಡಿ ಏನಾದರೂ ಬೇಕಾದರೆ ಗಂಡಸರು ತರುತ್ತಾರೆ. ಮೊಸರವಲಕ್ಕಿ ಕಲಸಲು ಬಾರದ ಗಂಡಸು ಈಗ ನಮ್ಮಲ್ಲಿ ಯಾರೂ ಇಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಬಳಗದಲ್ಲಿ ಅರ್ಧ ಜನ ಮಾಂಸ ತಿನ್ನುವವರು, ಅರ್ಧ ಜನ ತಿನ್ನದವರು. ಇದು ತೊಡಕಾಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಮಲೆನಾಡಿನಲ್ಲಿ ಆಗುವುದಿಲ್ಲ. ಕಡುಬು, ಅಕ್ಕಿರೊಟ್ಟಿ ಎರಡೂ ಕಡೆಗೆ ಸಲ್ಲುತ್ತವೆ. ಒಂದು ಪಾತ್ರೆಯಲ್ಲಿ ಕೋಳಿ ಸಾರು, ಇನ್ನೊಂದರಲ್ಲಿ ಕಾಯಿ ಚಟ್ನಿ, ಬೆಣ್ಣೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುಮೀನು ಏರುವ ಹೊತ್ತಿಗೆ ತೀರ್ಥಹಳ್ಳಿ ಕಡೆಯವರು ನಮ್ಮ ಗುಂಪಿನ ಕೆಲವರನ್ನು ಬೇರೆಯಾಗಿ ಕರೆಯುತ್ತಾರೆ. ಅವರು ಹೋಗಿ ಬರುತ್ತಾರೆ, ನಾವು ಕೇಳಿ ಸಂತೋಷಪಡುತ್ತೇವೆ.

ವರ್ಷದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಕಾಯುವುದು ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆಗೆ. ಸಂಕ್ರಾಂತಿ ಕಳೆದ ಮೇಲೆ ಸಾಗರದ ಸುತ್ತಮುತ್ತ ಆಲೆಮನೆ ಶುರುವಾಗುತ್ತದೆ. ಅಲ್ಲಿಗೆ ಟಿಕೆಟ್ ಇಲ್ಲ, ಬೋರ್ಡ್ ಇಲ್ಲ. ಗುರುತಿನವರು ಕರೆಯಬೇಕು. ಒಮ್ಮೆ ಕರೆದರೆ ಪ್ರತಿ ವರ್ಷ ಕರೆಯುತ್ತಾರೆ. ಮೊದಲೆಲ್ಲ ಕೋಣ ಕಟ್ಟಿದ ಗಾಣ. ಈಗ ಹೆಚ್ಚಿನ ಕಡೆ ಮೋಟಾರಿನ ಗಾಣ, ಅಲ್ಲೊಂದು ಇಲ್ಲೊಂದು ಕೋಣದ ಗಾಣ ಉಳಿದಿದೆ. ನಾವು ಸಂಜೆ ಇಳಿಹೊತ್ತಿಗೆ ತಲುಪುವಂತೆ ಹೊರಡುತ್ತೇವೆ. ಬಿಸಿಲು ತಗ್ಗಿರುತ್ತದೆ, ಕೊಪ್ಪರಿಗೆಯ ಹತ್ತಿರ ನಿಲ್ಲಲು ಆಗುತ್ತದೆ.

ಮೊದಲು ಕಬ್ಬಿನ ಹಾಲು. ಶುಂಠಿ, ನಿಂಬೆಹಣ್ಣು ಸೇರಿಸಿ ಅರೆದದ್ದು. ಹೊಸಬರು ಎರಡು ಲೋಟಕ್ಕೇ ಸಾಕು ಅನ್ನುತ್ತಾರೆ. ಸಿಹಿ ಬಾಯಿ ಕಟ್ಟುತ್ತದೆ. ಆಗ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಬರುತ್ತದೆ. ಖಾರ ತಿಂದ ಬಾಯಿಗೆ ಮತ್ತೆ ಹಾಲು ಬೇಕು, ಹಾಲು ಕುಡಿದ ಬಾಯಿಗೆ ಮತ್ತೆ ಖಾರ ಬೇಕು. ಹೀಗೆ ಎಷ್ಟು ಲೋಟ ಹೋಯಿತು ಅಂತ ಯಾರೂ ಎಣಿಸುವುದಿಲ್ಲ. ಅಷ್ಟರಲ್ಲಿ ಆ ಕಡೆ ಕೊಪ್ಪರಿಗೆ ಕುದಿಯುತ್ತಿರುತ್ತದೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯನ್ನೇ ತಳ್ಳುತ್ತಾರೆ. ಹಾಲಿಗೆ ಸ್ವಲ್ಪ ಸುಣ್ಣ ಹಾಕಿದರೆ ಕೊಳೆಯೆಲ್ಲ ಕಪ್ಪು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ತೆಗೆದು ಚೆಲ್ಲುತ್ತಾರೆ. ಆಮೇಲೆ ಬಣ್ಣ ತಿರುಗುತ್ತಾ ಹೋಗುತ್ತದೆ, ಹಸಿರು ಹೋಗಿ ಹಳದಿ, ಹಳದಿ ಹೋಗಿ ಜೇನಿನ ಬಣ್ಣ. ಬೆಲ್ಲ ಬೇಯಿಸುವವರು ಸಟ್ಟುಗ ಎತ್ತಿ ಹಿಡಿದು, ಇಳಿಯುವ ಎಳೆಯನ್ನೇ ನೋಡುತ್ತಾರೆ. ಗಡಿಯಾರ ನೋಡಿದ್ದನ್ನು ನಾನು ಕಾಣೆ. ಹದ ಬರುವ ಹೊತ್ತಿಗೆ ಉಕ್ಕುವ ನೊರೆಬೆಲ್ಲವನ್ನು ಬಾಳೆಲೆ ಚೂರಿನ ಮೇಲೆ ಹಾಕಿ ಕೊಡುತ್ತಾರೆ. ಬೆರಳು ಸುಡುತ್ತದೆ, ಆದರೂ ಯಾರೂ ತಣಿಯಲಿ ಅಂತ ಕಾಯುವುದಿಲ್ಲ. ನಮ್ಮ ಬಳಗದಲ್ಲಿ ಯಾವಾಗಲೂ ಮಾತಾಡುತ್ತಲೇ ಇರುವ ಒಬ್ಬ ಗೆಳತಿ ಇದ್ದಾಳೆ. ಆ ಹೊತ್ತಿನಲ್ಲಿ ಮಾತ್ರ ಅವಳ ಮಾತು ನಿಲ್ಲುತ್ತದೆ. ಹೊರಡುವಾಗ ಎಲ್ಲರ ಕೈಯಲ್ಲೂ ಜೋನಿಬೆಲ್ಲದ (ನೀರುಬೆಲ್ಲದ) ಡಬ್ಬ. ದುಡ್ಡು ಕೊಟ್ಟೇ ತರುತ್ತೇವೆ. ಹಾಲಿಗೆ, ನೊರೆಬೆಲ್ಲಕ್ಕೆ ಅವರು ದುಡ್ಡು ಮುಟ್ಟುವುದಿಲ್ಲ, ಹಾಗಾಗಿ ಬೆಲ್ಲವನ್ನಾದರೂ ಕೊಳ್ಳಬೇಕು.

ಅದೇ ತಿಂಗಳುಗಳಲ್ಲಿ ಒಂದು ಎಚ್ಚರ ಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಬೇಸಿಗೆ ಮುಗಿಯುವವರೆಗೂ ಉಣುಗಿನ (ಉಣ್ಣೆಯ) ಕಾಟ ಜಾಸ್ತಿ, ಕಾಯಿಲೆ ಹೆಚ್ಚಾಗಿ ಹರಡುವುದು ಅದರಿಂದಲೇ. ಅದಕ್ಕೇ ಆ ದಿನಗಳಲ್ಲಿ ನಾವು ಕಾಡೊಳಗೆ ತರಗೆಲೆ ಮೇಲೆ ಚಾಪೆ ಹಾಸಿ ಕೂರುವುದಿಲ್ಲ, ಅಂಗಳದಲ್ಲೇ ಕೂರುತ್ತೇವೆ. ಮಂಗ ಸತ್ತಿದೆ ಅಂತ ಸುದ್ದಿ ಇರುವ ಊರಿಗೆ ಹೋಗುವುದೇ ಇಲ್ಲ. ಮೈತುಂಬ ಬಟ್ಟೆ, ಮನೆಗೆ ಬಂದ ತಕ್ಷಣ ಬಿಸಿನೀರ ಸ್ನಾನ. ಮಳೆಗಾಲಕ್ಕೆ ಬೇರೆ ಸಿದ್ಧತೆ. ಇಂಬಳಕ್ಕೆ (ಜಿಗಣೆಗೆ) ಉಪ್ಪಿನ ಪೊಟ್ಟಣ ಇದ್ದರೆ ಸಾಕು, ಗಾಬರಿ ಬೇಡ.

ದೂರ ಹೋಗಲಾಗದ ತಿಂಗಳಿಗೆ ತೀರ್ಥಹಳ್ಳಿ ರಸ್ತೆ ಇದೆಯಲ್ಲ. ಬೆಳಿಗ್ಗೆ ಊರಲ್ಲೇ ಮಸಾಲೆ ದೋಸೆ ತಿಂದು ಹೊರಟರೆ ಸಕ್ರೆಬೈಲಿನಲ್ಲಿ ಆನೆಗಳು ತುಂಗಾ ನದಿಯಲ್ಲಿ ಸ್ನಾನ ಮಾಡುವ ಹೊತ್ತಿಗೆ ಸರಿಯಾಗಿ ತಲುಪಬಹುದು. ಶಿವಮೊಗ್ಗದಿಂದ ಬರೀ 14 ಕಿಲೋಮೀಟರ್. ಮಳೆಗಾಲವಾದರೆ ಅದೇ ದಾರಿಯಲ್ಲಿ ಮುಂದೆ ಮಂಡಗದ್ದೆ. ನದಿ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ರಸ್ತೆ ಬದಿಯಲ್ಲೇ ನಿಂತು ನೋಡಬಹುದು, ಮೇಷ್ಟ್ರಿಗೆ ಮಂಡಿ ನೋವಿದ್ದರೂ ತೊಂದರೆ ಇಲ್ಲ. ಮಧ್ಯಾಹ್ನದ ಊಟಕ್ಕೆ ಹಿಂದಿನ ದಿನವೇ ಫೋನ್ ಮಾಡಿ ಎಷ್ಟು ಎಲೆ ಅಂತ ಹೇಳಿರುತ್ತೇವೆ. ಸುಮ್ಮನೆ ಹೋಗಿ ನಿಂತರೆ ಅನ್ನ ಸಾರು ಸಿಗಬಹುದು, ಒಂದೆಲಗದ ತಂಬುಳಿ ಸಿಗುವುದಿಲ್ಲ. ಅದಕ್ಕೆ ಯಾರಾದರೂ ಬೆಳಿಗ್ಗೆಯೇ ತೋಟಕ್ಕೆ ಹೋಗಿ ಸೊಪ್ಪು ಕೊಯ್ದಿರಬೇಕು.

ಅಕ್ಟೋಬರ್ ಸುಮಾರಿಗೆ ಹೆಗ್ಗೋಡು. ನೀನಾಸಂ ನಾಟಕ ಸಂಸ್ಥೆ 1949ರಿಂದ ಅಲ್ಲಿದೆ. ನಾಟಕ ಇರುವ ಸಂಜೆ ನೋಡಿಕೊಂಡು ಹೋಗುತ್ತೇವೆ. ಹೋಗುವ ದಾರಿಯಲ್ಲಿ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲುಕಟ್ಟೆಯ ಮೇಲೆ ಸ್ವಲ್ಪ ಹೊತ್ತು. ನಾಟಕ ಮುಗಿದ ಮೇಲೆ ಶಿವಮೊಗ್ಗದವರೆಗೂ ಗಾಡಿಯಲ್ಲಿ ಅದೇ ಜಗಳ: ಯಾವ ಪಾತ್ರ ಮಾಡಿದ್ದು ಸರಿ, ಯಾವುದು ತಪ್ಪು. ಬಳಗಕ್ಕೆ ಊಟದ ಜೊತೆ ಹೀಗೆ ಜಗಳ ಆಡಲು ಒಂದು ವಿಷಯವೂ ಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಬರೀ ತಿಂದು ಬಂದರೆ ಮಾತು ಬೇಗ ಖಾಲಿಯಾಗುತ್ತದೆ.

ಹೊಸಬರನ್ನು ಸೇರಿಸಿಕೊಳ್ಳುವುದಕ್ಕೂ ಒಂದು ದಾರಿ ಮಾಡಿಕೊಂಡಿದ್ದೇವೆ. ನೇರವಾಗಿ ದೂರದ ತಿರುಗಾಟಕ್ಕೆ ಕರೆಯುವುದಿಲ್ಲ. ಮೊದಲು ಊರೊಳಗಿನ ಒಂದು ಸಂಜೆ. ಗಾಂಧಿ ಬಜಾರಿನಲ್ಲಿ ಒಂದು ಸುತ್ತು, ಬಿಸಿ ಬೋಂಡ, ಕಾಫಿ. ಹೊಂದಿಕೆಯಾದರೆ ಅವರೇ ‘ಮುಂದೆ ಎಲ್ಲಿಗೆ?’ ಅಂತ ಕೇಳುತ್ತಾರೆ. ಕೇಳದಿದ್ದರೆ ಯಾರಿಗೂ ಮುಜುಗರ ಇಲ್ಲ. ಹೋದ ವರ್ಷ ಹೀಗೆ ಬಂದವಳು ಒಬ್ಬ ನರ್ಸ್, ಬಳ್ಳಾರಿ ಕಡೆಯವಳು. ಇಲ್ಲಿ ಯಾರೂ ಗೊತ್ತಿರಲಿಲ್ಲ. ಭಾನುವಾರ ಡ್ಯೂಟಿ ಬಿದ್ದರೆ ಬೇರೆಯವರ ಜೊತೆ ಬದಲಾಯಿಸಿಕೊಂಡು ಬರುತ್ತಾಳೆ.

ಈಗ ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿಯ ಸರದಿ. ತೊಟ್ಟು ಮುರಿಯದ, ಮರ ಹತ್ತಿ ಕೊಯ್ದ ಮಿಡಿಯೇ ಬೇಕು. ಉದುರಿದ್ದು ಉಪ್ಪಿನಲ್ಲಿ ಕೊಳೆಯುತ್ತದೆ. ಅವತ್ತು ಕಳಲೆ ಊಟಕ್ಕೆ ಕರೆದ ಸಾಗರದ ಅಕ್ಕ, ಒಬ್ಬರ ಹತ್ತಿರ ಹೇಳಿಟ್ಟಿದ್ದಾರೆ, ಸೊನೆ ವಾಸನೆಯಲ್ಲೇ ಜಾತಿ ಹೇಳುವವರಂತೆ. ಮೇಷ್ಟ್ರ ಲೆಕ್ಕದಲ್ಲಿ ಉಳಿದ ದುಡ್ಡಿಗೆ ದೊಡ್ಡ ಭರಣಿ ಎರಡು ಬಂದಿವೆ, ಹರಳುಪ್ಪನ್ನು ಆ ನರ್ಸ್ ಹುಡುಗಿ ತರುತ್ತೇನೆ ಅಂದಿದ್ದಾಳೆ. ಈ ಎರಡನೇ ಭಾನುವಾರ ನಮ್ಮ ಮನೆಯಲ್ಲೇ ಎಲ್ಲರೂ ಕೂತು ಮಿಡಿ ಉಪ್ಪಿಗೆ ಹಾಕುತ್ತೇವೆ.