ತಿಪಟೂರಿನಲ್ಲಿ ವಕೀಲರನ್ನು ಹುಡುಕಿದ ಬಗೆ

ತಿಪಟೂರು ತಾಲ್ಲೂಕಿನ ನಮ್ಮೂರಿನಲ್ಲಿ ತಂದೆಯವರ ಹೆಸರಿಗೆ 3 ಎಕರೆ 24 ಗುಂಟೆ ತೆಂಗಿನ ತೋಟವಿತ್ತು. ಅದು ಸ್ವಯಾರ್ಜಿತವಲ್ಲ, ಅಜ್ಜನಿಂದ ಬಂದದ್ದು. ತಂದೆಯವರು 2011ರಲ್ಲಿ ತೀರಿಕೊಂಡರು, ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ನನ್ನ ತಮ್ಮ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸುವಾಗ ವಂಶವೃಕ್ಷದಲ್ಲಿ ಅಕ್ಕನಾದ ನನ್ನ ಹೆಸರನ್ನು ಬಿಟ್ಟಿದ್ದ ಸಂಗತಿ ನನಗೆ ಗೊತ್ತಾದದ್ದು 2021ರಲ್ಲಿ, ಅದೂ ತೋಟದ ಮಾರಾಟಕ್ಕೆ ಮಾತುಕತೆ ನಡೆಯುತ್ತಿದೆ ಎಂದು ಊರಿನವರೊಬ್ಬರು ಫೋನ್ ಮಾಡಿದಾಗ.

ಮೊದಲ ತಪ್ಪು ನನ್ನದೇ. ನಾನು ಇರುವುದು ಬೆಂಗಳೂರಿನಲ್ಲಿ ಎಂಬ ಒಂದೇ ಕಾರಣಕ್ಕೆ ಇಲ್ಲಿಯ ವಕೀಲರೊಬ್ಬರನ್ನು ಗೊತ್ತುಮಾಡಿದೆ. ಅವರು ಕಂಪನಿ ವ್ಯವಹಾರಗಳಲ್ಲಿ ಹೆಸರು ಮಾಡಿದವರು, ಮಾತು ಸೊಗಸು. ಎಂಟು ತಿಂಗಳಲ್ಲಿ ಅವರ ಕಚೇರಿಯಿಂದ ಹೊರಟದ್ದು ಒಂದು ನೋಟಿಸ್ ಮಾತ್ರ, ಅದರಲ್ಲೂ ಜಮೀನಿನ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಗಳ ವಿವರ) ಅದಲುಬದಲಾಗಿತ್ತು. ಸುಮಾರು 140 ಕಿಲೋಮೀಟರ್ ದೂರದ ನ್ಯಾಯಾಲಯಕ್ಕೆ ಅವರು ತಾವಾಗಿ ಹೋಗುವವರಲ್ಲ, ಕಿರಿಯರನ್ನು ಕಳಿಸುವವರು ಎಂಬುದು ನನಗೆ ತಿಳಿಯುವಷ್ಟರಲ್ಲಿ ಮುಂಗಡ ಕೈಬಿಟ್ಟಿತ್ತು. ಕಾಗದಪತ್ರಗಳನ್ನು ಹಿಂದಕ್ಕೆ ಕೇಳಿದಾಗ ಉಳಿದ ಶುಲ್ಕ ಕೊಟ್ಟು ಒಯ್ಯಿರಿ ಎಂದರು. ಶುಲ್ಕ ಬಾಕಿಯಿದೆ ಎಂದು ಕಕ್ಷಿದಾರರ ಕಡತವನ್ನು ವಕೀಲರು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ ಎಂಬುದನ್ನು ಓದಿಕೊಂಡು ಹೋಗಿ ವಿನಯದಿಂದಲೇ ಹೇಳಿದ ಮೇಲೆ ಕಡತ ಕೈಗೆ ಬಂತು. ಅಲ್ಲಿಂದ ಮುಂದೆ ನಾನು ಯಾರಿಗೂ ಮೊದಲ ಭೇಟಿಯಲ್ಲಿ ಮೂಲ ಪತ್ರಗಳನ್ನು ಕೊಟ್ಟಿಲ್ಲ, ಜೆರಾಕ್ಸ್ ಪ್ರತಿಗಳನ್ನಷ್ಟೇ ಕೊಟ್ಟಿದ್ದೇನೆ.

ಎರಡನೆಯ ಸಲ ಹುಡುಕಾಟವನ್ನು ವಕೀಲರಿಂದ ಆರಂಭಿಸದೆ ಕಾಗದದಿಂದ ಆರಂಭಿಸಿದೆ. ಭೂಮಿ ತಂತ್ರಾಂಶದಿಂದ ಪಹಣಿಯನ್ನೂ, ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಹಳೆಯ ಕೈಬರಹದ ಪಹಣಿ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆ) ಪ್ರತಿಗಳನ್ನೂ, ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಿಂದ ಋಣಭಾರ ಪತ್ರವನ್ನೂ ತೆಗೆಸಿ, ತಂದೆಯವರ ಮರಣ ಪ್ರಮಾಣಪತ್ರದೊಂದಿಗೆ ವರ್ಷವಾರು ಜೋಡಿಸಿ, ಎರಡು ಪುಟದ ಒಂದು ವಿವರಣೆಯನ್ನು ಕನ್ನಡದಲ್ಲಿ ಬರೆದು ಮೇಲಿಟ್ಟೆ. ಇದು ವಕೀಲರ ಅನುಕೂಲಕ್ಕೆ ಮಾಡಿದ್ದೇನೋ ಹೌದು. ಆದರೆ ಆಮೇಲೆ ಇದೇ ಕಡತ ಅವರನ್ನು ಅಳೆಯುವ ಕೋಲೂ ಆಯಿತು, ಏಕೆಂದರೆ ಅದನ್ನು ತಿರುವಿ ನೋಡದೆ ಮಾತಾಡಿದವರು ಯಾರು, ಓದಿ ಮಾತಾಡಿದವರು ಯಾರು ಎಂಬುದು ಎದುರಿಗೇ ಕಾಣುತ್ತಿತ್ತು.

ಹೆಸರುಗಳಿಗಾಗಿ ಉಪನೋಂದಣಾಧಿಕಾರಿ ಕಚೇರಿಯ ಹೊರಗೆ ಕೂರುವ ಪತ್ರ ಬರಹಗಾರರನ್ನು, ನ್ಯಾಯಾಲಯದ ಬಳಿಯ ಟೈಪಿಂಗ್ ಅಂಗಡಿಯವರನ್ನು ವಿಚಾರಿಸಿದೆ. ‘ಒಳ್ಳೆಯ ವಕೀಲರು ಯಾರು’ ಎಂದು ಕೇಳಿದರೆ ಎಲ್ಲರೂ ತಮ್ಮ ನೆಂಟರ ಹೆಸರನ್ನೇ ಹೇಳುತ್ತಾರೆ. ‘ಭಾಗದ ದಾವೆಗಳನ್ನು ಕೊನೆಯವರೆಗೆ ನಡೆಸಿ ಅಂತಿಮ ಡಿಕ್ರಿ ಮಾಡಿಸಿದವರು ಯಾರು’ ಎಂದು ಕೇಳಿದಾಗ ಮಾತ್ರ ಹೆಸರುಗಳ ಸಂಖ್ಯೆ ನಾಲ್ಕಕ್ಕೆ ಇಳಿಯಿತು. ವಿಭಾಗದ ದಾವೆಯಲ್ಲಿ ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪ್ರಾಥಮಿಕ ಡಿಕ್ರಿ ಬರುವುದು ಅರ್ಧ ದಾರಿ ಮಾತ್ರ. ಜಮೀನನ್ನು ಅಳೆದು ಬೇರ್ಪಡಿಸುವ ಹಂತ ಆಮೇಲಿನದು, ಅನೇಕ ಕಡತಗಳು ಅಲ್ಲಿಯೇ ದೂಳು ತಿನ್ನುತ್ತವೆ.

ಆ ನಾಲ್ವರ ಹೆಸರನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ನೋಡಿದೆ. ಜಿಲ್ಲೆ ಮತ್ತು ನ್ಯಾಯಾಲಯ ಸಂಕೀರ್ಣವನ್ನು ಆರಿಸಿಕೊಂಡರೆ ವಕೀಲರ ಹೆಸರಿನ ಮೇಲೆ ಪ್ರಕರಣಗಳನ್ನು ಹುಡುಕಬಹುದು. ಹೆಸರಿನ ಕಾಗುಣಿತವನ್ನು ಸಿಬ್ಬಂದಿ ಹೇಗೆ ನಮೂದಿಸಿದ್ದಾರೋ ಹಾಗೆಯೇ ಹಾಕಬೇಕಾದ್ದರಿಂದ ಇನಿಶಿಯಲ್‌ಗಳನ್ನು ಹಿಂದೆ ಮುಂದೆ ಮಾಡಿ ಮೂರು ನಾಲ್ಕು ಸಲ ಪ್ರಯತ್ನಿಸಬೇಕಾಯಿತು. ಎಷ್ಟು ಗೆದ್ದಿದ್ದಾರೆ ಎಂಬ ಲೆಕ್ಕ ಅಲ್ಲಿ ಸಿಗುವುದಿಲ್ಲ, ಸಿಕ್ಕರೂ ಅದಕ್ಕೆ ಅರ್ಥವಿಲ್ಲ. ನಾನು ನೋಡಿದ್ದು ಎರಡನ್ನೇ: ಅಸಲು ದಾವೆಗಳು (ನನ್ನದರಂಥ ಸಿವಿಲ್ ದಾವೆಗಳು) ಎಷ್ಟಿವೆ, ಮತ್ತು ಕಕ್ಷಿದಾರರು ಗೈರುಹಾಜರಾದ ಕಾರಣಕ್ಕೆ ವಜಾ ಆದವು ಎಷ್ಟು. ಒಬ್ಬರ ಪಟ್ಟಿಯ ಬಹುಭಾಗ ಚೆಕ್ ಬೌನ್ಸ್ ಮತ್ತು ಮೋಟಾರು ಅಪಘಾತದ ಪ್ರಕರಣಗಳು. ವಕೀಲರ ಪರಿಷತ್ತು ಕೊಟ್ಟ ನೋಂದಣಿ ಸಂಖ್ಯೆಯ ಕೊನೆಯಲ್ಲಿರುವ ವರ್ಷವನ್ನು ನೋಡಿದರೆ ಅವರೇ ನಾಲ್ವರಲ್ಲಿ ಹಿರಿಯರು. ಆದರೆ ಆ ಅನುಭವ ನನ್ನ ತೋಟಕ್ಕೆ ಸಂಬಂಧಿಸಿದ್ದಲ್ಲ.

ಬಳಿಕ ಎರಡು ದಿನ ಬೆಳಗಿನ ರೈಲು ಹಿಡಿದು ಹೋಗಿ, ಹನ್ನೊಂದು ಗಂಟೆಗೆ ಕಲಾಪ ಆರಂಭವಾಗುವ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಕುಳಿತೆ. ತೆರೆದ ನ್ಯಾಯಾಲಯದಲ್ಲಿ ಯಾರು ಬೇಕಾದರೂ ಕೂರಬಹುದು. ಪ್ರಕರಣ ಕೂಗಿದಾಗ ತಾವೇ ಎದ್ದು ನಿಲ್ಲುವವರು, ಕಿರಿಯರ ಕೈಯಲ್ಲಿ ‘ಸಮಯ ಬೇಕು’ ಎಂದು ಹೇಳಿಸುವವರು, ಪಾಟೀ ಸವಾಲಿನಲ್ಲಿ ಸಾಕ್ಷಿಯನ್ನು ಗದರಿಸುವವರು, ಗದರಿಸದೆ ಒಂದೊಂದೇ ಕಾಗದವನ್ನು ಮುಂದಿಡುವವರು ಎಲ್ಲರೂ ಆ ಎರಡು ಬೆಳಗಿನಲ್ಲಿ ಕಂಡರು. ಯಾರೊಬ್ಬರ ಶಿಫಾರಸಿನಿಂದಲೂ ನನಗೆ ಇಷ್ಟು ತಿಳಿದಿರಲಿಲ್ಲ.

ಚೆಕ್ ಬೌನ್ಸಿನ ಹಿರಿಯರನ್ನು ಭೇಟಿಯಾದಾಗ ಅವರು ನನ್ನ ಮದುವೆಯ ವರ್ಷ ಕೇಳಿದರು. 1988 ಎಂದೆ. ‘1994ಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಮೇಡಂ’ ಎಂದು ಕಡತವನ್ನು ನನ್ನ ಕಡೆಗೆ ತಳ್ಳಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ಹಿಂದೆ ತಂದ ತಿದ್ದುಪಡಿಯಲ್ಲಿ ಹಾಗೆ ಇದ್ದದ್ದು ನಿಜ. ಆದರೆ 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿದೆ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಎರಡನೆಯವರು ಕಡತವನ್ನು ಬಿಚ್ಚದೆಯೇ ನೂರಕ್ಕೆ ನೂರು ಗೆಲ್ಲುತ್ತೇವೆ ಎಂದರು, ಶುಲ್ಕದ ಬದಲು ಬಂದ ಭೂಮಿಯಲ್ಲಿ ಕಾಲು ಭಾಗ ಕೊಟ್ಟರೆ ಸಾಕೆಂದರು. ಫಲಿತಾಂಶದ ಮೇಲೆ ಶುಲ್ಕ ನಿಗದಿಪಡಿಸುವುದನ್ನೂ, ದಾವೆಯ ಆಸ್ತಿಯಲ್ಲಿ ಪಾಲು ಪಡೆಯುವುದನ್ನೂ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಅಲ್ಲಿಂದ ಎದ್ದು ಬಂದೆ. ಮೂರನೆಯವರು ತಮ್ಮನ ಹೆಸರು ಕೇಳಿದ ಕೂಡಲೇ, ಹಿಂದೊಮ್ಮೆ ಅವನಿಗೆ ಸಲಹೆ ಕೊಟ್ಟಿರುವುದರಿಂದ ನನ್ನ ವಕಾಲತ್ತು ವಹಿಸಲಾರೆ ಎಂದು ಹೇಳಿ, ಚಹಾ ಕುಡಿಸಿ ಕಳಿಸಿದರು. ಸಣ್ಣ ಊರಿನಲ್ಲಿ ಈ ಪ್ರಶ್ನೆಯನ್ನು ನಾವಾಗಿಯೇ ಮೊದಲು ಕೇಳಿಬಿಡುವುದು ಮೇಲು.

ನಾಲ್ಕನೆಯವರ ಕಚೇರಿ ಕೊಬ್ಬರಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅವರು ಅರ್ಧ ಗಂಟೆ ಒಂದೂ ಮಾತಾಡದೆ ಕಾಗದ ತಿರುವಿದರು. ಆಮೇಲೆ ಕನ್ನಡಕ ತೆಗೆದು, ‘ತಂದೆಯವರಿದ್ದಾಗ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪಟ್ಟಿ ಏನಾದರೂ ಇದೆಯೇನಮ್ಮಾ?’ ಎಂದರು. ಅಂಥ ಹಳೆಯ ಪಾಲನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಇಲ್ಲ ಎಂದೆ. ಮುಂದಿನ ಪ್ರಶ್ನೆ ನಾನು ನಿರೀಕ್ಷಿಸದೇ ಇದ್ದದ್ದು.

‘ತಮ್ಮ ನಿಮಗೆ ತೆಂಗಿನಕಾಯಿ ಕಳಿಸುತ್ತಿದ್ದನೇ?’

‘ವರ್ಷಕ್ಕೊಂದು ಚೀಲ, ಯುಗಾದಿಗೆ ಮುಂಚೆ ಬರುತ್ತಿತ್ತು ಸಾರ್.’

‘ಕೊನೆಯ ಚೀಲ ಬಂದದ್ದು ಯಾವಾಗ?’

2019ರಲ್ಲಿ ಎಂದಾಗ ಅದನ್ನು ಬರೆದುಕೊಂಡು ಕಾರಣ ವಿವರಿಸಿದರು. ಫಸಲಿನ ಪಾಲು ನನಗೆ ಬರುತ್ತಿತ್ತು ಎಂದರೆ ತೋಟ ಜಂಟಿ ಸ್ವಾಧೀನದಲ್ಲಿದೆ ಎಂದು ವಾದಿಸಬಹುದು, ಆಗ ನ್ಯಾಯಾಲಯ ಶುಲ್ಕ 200 ರೂಪಾಯಿಯಲ್ಲಿ ಮುಗಿಯುತ್ತದೆ. ನನ್ನನ್ನು ಪೂರ್ತಿ ಹೊರಗಿಡಲಾಗಿದೆ ಎಂದು ಬರೆದರೆ ನನ್ನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಕಟ್ಟಬೇಕಾಗುತ್ತದೆ. ಹೊರಗಿಟ್ಟದ್ದು ತಿಳಿದ ದಿನದಿಂದ ಹನ್ನೆರಡು ವರ್ಷದ ಕಾಲಮಿತಿಯೂ ಎಣಿಕೆಯಾಗುವುದರಿಂದ ಆ ಚೀಲದ ದಿನಾಂಕ ಎರಡು ಕಡೆಯಿಂದಲೂ ಮುಖ್ಯ. ಲಾರಿ ಆಫೀಸಿನ ಹಳೆಯ ರಸೀದಿಗಳು ಮನೆಯಲ್ಲಿದ್ದರೆ ಹುಡುಕಿ ಎಂದರು. ಮೂರು ಸಿಕ್ಕವು. ಗೆಲುವಿನ ಬಗ್ಗೆ ಕೇಳಿದ್ದಕ್ಕೆ, ಹಕ್ಕಿನ ವಿಷಯದಲ್ಲಿ ಅನುಮಾನವಿಲ್ಲ, ವರ್ಷಗಳ ವಿಷಯದಲ್ಲಿ ಭರವಸೆ ಕೊಡಲಾರೆ ಎಂದರು.

ಶುಲ್ಕವನ್ನು ನಾಲ್ಕು ಹಂತಗಳಾಗಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು: ದಾವೆ ಹೂಡಿದಾಗ, ತಡೆಯಾಜ್ಞೆ ಅರ್ಜಿಯ ಆದೇಶವಾದಾಗ, ಸಾಕ್ಷ್ಯ ಮುಗಿದಾಗ, ಡಿಕ್ರಿಯಾದಾಗ. ಟೈಪಿಂಗ್, ನಕಲು, ನೋಟಿಸ್ ಜಾರಿಮಾಡುವ ಅಮೀನರ ಬ್ಯಾಟಾ (ಭತ್ಯೆ) ಇವೆಲ್ಲ ಬೇರೆ, ರಸೀದಿಯ ಮೇಲೆ. ಮಹಿಳೆಯಾದ್ದರಿಂದ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರನ್ನು ಪಡೆಯುವ ಅರ್ಹತೆ ನನಗಿದೆ ಎಂಬುದನ್ನೂ ಅವರೇ ತಿಳಿಸಿದರು. ನನಗೆ ನಿವೃತ್ತಿ ವೇತನವಿದೆ, ಬೇಡವೆಂದೆ. ವಕಾಲತ್ತಿನ ನಮೂನೆಯಲ್ಲಿ ಪಕ್ಷಗಾರರ ಹೆಸರು, ನ್ಯಾಯಾಲಯದ ಹೆಸರು ಎಲ್ಲವನ್ನೂ ತುಂಬಿಸಿದ ಮೇಲೆಯೇ ಸಹಿ ಮಾಡಿದೆ, ವಾದಪತ್ರವನ್ನು ಕನ್ನಡದಲ್ಲೇ ಬರೆಸಿ ಪ್ರತಿ ಸಾಲನ್ನೂ ಓದಿದೆ.

ದಾವೆ ದಾಖಲಾದ ಮೇಲೆ ಪ್ರಕರಣದ ಗುರುತಿಗೆ ಸಿಗುವ ಸಿಎನ್‌ಆರ್ ಸಂಖ್ಯೆಯನ್ನು ಮೊಬೈಲಿನ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿಕೊಂಡದ್ದರಿಂದ ಮುಂದಿನ ದಿನಾಂಕಕ್ಕಾಗಿ ವಕೀಲರಿಗೆ ಪದೇ ಪದೇ ಫೋನ್ ಮಾಡುವ ಪ್ರಮೇಯ ಬರಲಿಲ್ಲ. ಮಾರಾಟಕ್ಕೆ ತಡೆಯಾಜ್ಞೆ ಸಿಕ್ಕ ಕೆಲವು ತಿಂಗಳಲ್ಲಿ ತಮ್ಮನೇ ರಾಜಿಗೆ ಬಂದ, ಊರಿನ ಮನೆಯನ್ನು ಅವನಿಗೆ ಬಿಟ್ಟು ನಾನು 1 ಎಕರೆ 10 ಗುಂಟೆಗೆ ಒಪ್ಪಿದೆ. ಸ್ಥಳೀಯ ವಕೀಲರ ಬೆಲೆ ನನಗೆ ಚೆನ್ನಾಗಿ ಅರಿವಾದದ್ದು ಆಗಲೇ. ಲೋಕ ಅದಾಲತ್ತಿಗೆ ಇನ್ನು ಹದಿನೈದು ದಿನವಿರುವಾಗ ಅವರು ರಾಜಿ ಅರ್ಜಿಗೆ ಸಹಿ ಹಾಕಲು ನಮ್ಮಿಬ್ಬರನ್ನೂ ಬಿಡದೆ, ಮೊದಲು ಪರವಾನಗಿ ಪಡೆದ ಭೂಮಾಪಕರಿಂದ ಅಳತೆ ಮಾಡಿಸಿ ನಕ್ಷೆ ತರಿಸಿದರು. ಬಾವಿ ಯಾರ ಭಾಗಕ್ಕೆ, ನೀರು ಹಾಯಿಸುವ ಪಾಳಿ ಹೇಗೆ, ಗಾಡಿ ದಾರಿ ಎಷ್ಟು ಅಡಿ ಎಂಬುದನ್ನೆಲ್ಲ ಆ ನಕ್ಷೆಯ ಮೇಲೆಯೇ ಗುರುತಿಸಿ ಅರ್ಜಿಗೆ ಲಗತ್ತಿಸಿದರು. ನಕ್ಷೆಯಿಲ್ಲದ ರಾಜಿ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ನಿಂತುಬಿಡುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡವರು. ಪೋಡಿಯಾಗಿ (ಜಮೀನು ದಾಖಲೆಯಲ್ಲಿ ಬೇರ್ಪಟ್ಟು) ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಲಂನಲ್ಲಿ ನನ್ನ ಹೆಸರು ಬರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ್ದು ಎರಡೇ ಸಲ.