ಪ್ರಾಗ್‌ನಲ್ಲಿ ಒಂದೇ ದಿನ ಇದ್ದರೆ: ಟ್ರಾಮ್‌ನಲ್ಲಿ ಹತ್ತಿ, ನಡೆದು ಇಳಿಯಿರಿ

ಜರ್ಮನಿಯಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ನಮ್ಮ ಹುಡುಗ ಹುಡುಗಿಯರು ವಾರದ ಕೊನೆಗೆ ಎಲ್ಲಿಗಾದರೂ ಹೋಗೋಣ ಅಂತ ಮಾತು ತೆಗೆದರೆ ಪ್ರಾಗ್ ಹೆಸರು ಬಂದೇ ಬರುತ್ತದೆ. ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಎರಡೂವರೆ ಗಂಟೆ ಕೂಡ ಆಗುವುದಿಲ್ಲ, ಬರ್ಲಿನ್‌ನಿಂದ ನಾಲ್ಕು ಗಂಟೆ ಚಿಲ್ಲರೆ. ಹೋಗುವುದೇನೋ ಸುಲಭ. ಆದರೆ ಐದಾರು ಜನ ಸೇರಿದ ಮೇಲೆ ತಲೆಗೊಂದು ಆಸೆ. ಒಬ್ಬರಿಗೆ ಕೋಟೆ ಬೇಕು, ಒಬ್ಬರಿಗೆ ಶಾಪಿಂಗ್, ಇನ್ನೊಬ್ಬರಿಗೆ ಬೆಳಿಗ್ಗೆ ಹತ್ತಕ್ಕೇ ಬಿಯರ್. ಕೊನೆಗೆ ಫೋನ್ ತುಂಬಾ ಫೋಟೋ, ನೋಡಿದ್ದು ಏನು ಅಂದರೆ ನೆನಪಿಲ್ಲ.

ಅದಕ್ಕೆ ನಾನು ಹೇಳುವುದು ಎರಡೇ ಮಾತು. ಒಂದು, ಬೆಟ್ಟ ಹತ್ತುವ ಕೆಲಸವನ್ನು ಟ್ರಾಮ್‌ಗೆ ಬಿಟ್ಟು ನೀವು ಇಳಿಯುತ್ತಾ ನಡೆಯಿರಿ. ಎರಡು, ಇಡೀ ಊರಿನ ಇತಿಹಾಸ ಹಿಡಿಯಲು ಹೋಗಬೇಡಿ, ಒಂದೇ ಒಂದು ಕಥೆ ಹಿಡಿದುಕೊಳ್ಳಿ. ಪ್ರಾಗ್‌ಗೆ ಅಂಥ ಕಥೆ ಸಿದ್ಧವಾಗಿಯೇ ಇದೆ. 1618ರಲ್ಲಿ ಇಲ್ಲಿನ ಒಂದು ಕಿಟಕಿಯಿಂದ ಶುರುವಾಗಿ 1648ರಲ್ಲಿ ಇಲ್ಲಿನ ಒಂದು ಸೇತುವೆಯ ಮೇಲೆ ಬಂದು ನಿಂತ ಮೂವತ್ತು ವರ್ಷದ ಯುದ್ಧ. ಆ ಕಥೆ ನಡೆದ ಜಾಗಗಳೆಲ್ಲಾ ಒಂದು ದಿನದ ನಡಿಗೆಯಲ್ಲೇ ಸಿಗುತ್ತವೆ.

ಮೊದಲು ತಯಾರಿ. ಶುಕ್ರವಾರ ರಾತ್ರಿಯೇ ತಲುಪಿ, ಶನಿವಾರ ಸುತ್ತಿ. ಭಾನುವಾರ ಬೆಳಿಗ್ಗೆ ಕ್ಯಾಥೆಡ್ರಲ್‌ನಲ್ಲಿ ಪ್ರಾರ್ಥನೆ ಇರುವುದರಿಂದ ಮಧ್ಯಾಹ್ನದವರೆಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಶನಿವಾರ ಯಹೂದಿ ಕೇರಿಯ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳು, ಮ್ಯೂಸಿಯಂ ಮುಚ್ಚಿರುತ್ತವೆ, ಆದರೆ ಅದಕ್ಕೆ ಹೇಗೂ ಬೇರೆ ದಿನವೇ ಬೇಕು. ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾಜಿಗಳು ಕೊಂದ ಸುಮಾರು 80,000 ಜನರ ಹೆಸರು ಬರೆದಿದ್ದಾರೆ. ನಗುತ್ತಾ ಗಲಾಟೆ ಮಾಡುತ್ತಾ ಗುಂಪಿನಲ್ಲಿ ಹೊಕ್ಕು ಬರುವ ಜಾಗ ಅಲ್ಲ ಅದು. ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್ ಎರಡೂ ಕೈಯಲ್ಲಿರಲಿ, ಎರಡೂ ದೇಶ ಷೆಂಗೆನ್ ಅನ್ನುವ ಮುಕ್ತ ಗಡಿಯ ಒಪ್ಪಂದದಲ್ಲಿದ್ದರೂ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ನೋಡುವುದುಂಟು.

ಶೂ ಬಗ್ಗೆ ಖಂಡಿತ ಹೇಳಬೇಕು. ಹಳೇ ಊರಿನ ನೆಲವೆಲ್ಲಾ ಕಲ್ಲು ಜೋಡಿಸಿದ ಬೀದಿಗಳು, ಮಳೆ ಬಂದರೆ ಜಾರುತ್ತವೆ, ಹೀಲ್ಸ್ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಬರಿಗಾಲಲ್ಲಿ ನಡೆಯುವ ಸ್ಥಿತಿ. ಅಂದಹಾಗೆ ಬಾಟಾ ನಮ್ಮ ದೇಶದ್ದೇ ಅಂತ ಎಷ್ಟು ಜನ ನಂಬಿದ್ದಾರೆ ಅಲ್ವಾ? ಅದು ಹುಟ್ಟಿದ್ದು 1894ರಲ್ಲಿ, ಇದೇ ಚೆಕ್ ನೆಲದ ಜ್ಲೀನ್ ಎಂಬ ಊರಿನಲ್ಲಿ. ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ ಅದರ ಹಳೇ ದೊಡ್ಡ ಅಂಗಡಿಯೇ ಇದೆ.

ದುಡ್ಡಿನ ವಿಷಯ. ಇಲ್ಲಿ ನಡೆಯುವುದು ಯೂರೋ ಅಲ್ಲ, ಕೊರುನಾ. ಕೆಲವು ಅಂಗಡಿಗಳಲ್ಲಿ ಯೂರೋ ತೆಗೆದುಕೊಳ್ಳುತ್ತಾರೆ, ಆದರೆ ರೇಟು ಅವರಿಗೆ ಅನುಕೂಲವಾಗುವ ಹಾಗೆ. ಹೆಚ್ಚು ಕಡಿಮೆ ಎಲ್ಲಾ ಕಡೆ ಕಾರ್ಡ್ ನಡೆಯುತ್ತದೆ. ಕಾರ್ಡ್ ಮೆಷಿನ್ ಅಥವಾ ಎಟಿಎಂ "ಯೂರೋದಲ್ಲಿ ಕಡಿತ ಮಾಡಲೇ?" ಅಂತ ಕೇಳಿದರೆ ಬೇಡ, ಕೊರುನಾದಲ್ಲೇ ಮಾಡು ಅನ್ನಿ. ಬೀದಿಯಲ್ಲಿ ಯಾರಾದರೂ ಹತ್ತಿರ ಬಂದು ಒಳ್ಳೇ ರೇಟಿಗೆ ದುಡ್ಡು ಬದಲಿಸಿಕೊಡುತ್ತೇನೆ ಅಂದರೆ ತಿರುಗಿಯೂ ನೋಡಬೇಡಿ, ಚಲಾವಣೆಯಲ್ಲೇ ಇಲ್ಲದ ಬೇರೆ ದೇಶದ ನೋಟು ಕೈಗಿಟ್ಟು ಮಾಯವಾಗುವವರು ಇವರೇ. ಅಂಗಡಿಯಲ್ಲಿ ಬದಲಿಸಿ ಮೋಸ ಹೋದಿರಿ ಅನ್ನಿಸಿದರೆ ರಸೀದಿ ಇಟ್ಟುಕೊಂಡು ಮೂರು ಗಂಟೆಯೊಳಗೆ ವಾಪಸ್ ಹೋಗಿ. 1000 ಯೂರೋವರೆಗಿನ ವಿನಿಮಯವನ್ನು ರದ್ದು ಮಾಡಿಸುವ ಹಕ್ಕು 2019ರಿಂದ ಅಲ್ಲಿನ ಕಾನೂನಿನಲ್ಲೇ ಇದೆ.

ಗುಂಪಿನ ಖರ್ಚನ್ನು ಒಬ್ಬರೇ ಕಾರ್ಡ್ ಉಜ್ಜಿ ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ, ರಾತ್ರಿ ಹಂಚಿಕೊಳ್ಳಿ. ಪ್ರತಿ ಕಾಫಿಗೂ ಲೆಕ್ಕ ಹಾಕುತ್ತಾ ನಿಂತರೆ ದಿನ ಅಲ್ಲೇ ಮುಗಿಯುತ್ತದೆ. ಸ್ವಲ್ಪ ಚಿಲ್ಲರೆ ನಾಣ್ಯ ಮಾತ್ರ ಎಲ್ಲರ ಜೇಬಲ್ಲೂ ಇರಲಿ, ಟಾಯ್ಲೆಟ್‌ಗೆ ಬೇಕಾಗುತ್ತದೆ.

ಪ್ರತಿಯೊಬ್ಬರೂ 24 ಗಂಟೆಯ ಟಿಕೆಟ್ ತೆಗೆದುಕೊಳ್ಳಿ. ಮೆಟ್ರೋ, ಟ್ರಾಮ್, ಬಸ್ ಎಲ್ಲಕ್ಕೂ ಅದೊಂದೇ ಸಾಕು. ನಿಲ್ದಾಣದ ಮೆಷಿನ್‌ನಲ್ಲಿ ಕಾಗದದ ಟಿಕೆಟ್ ಕೊಂಡರೆ ಮೊದಲ ಸಲ ಹತ್ತುವಾಗ ಹಳದಿ ಪೆಟ್ಟಿಗೆಗೆ ತೂರಿಸಿ ಸಮಯ ಅಚ್ಚು ಹಾಕಿಸಲೇಬೇಕು. ಟಿಕೆಟ್ ಇದ್ದೂ ಅಚ್ಚು ಇಲ್ಲದಿದ್ದರೆ ಇಲ್ಲದ ಲೆಕ್ಕವೇ, ದಂಡ ಬೀಳುತ್ತದೆ, ತಪಾಸಣೆಗೆ ಬರುವವರು ಸಾಮಾನ್ಯ ಬಟ್ಟೆಯಲ್ಲೇ ಇರುತ್ತಾರೆ.

ಈಗ ಬೆಳಿಗ್ಗೆ. ಎಷ್ಟು ಬೇಗ ಏಳುತ್ತೀರೋ ಅಷ್ಟು ಒಳ್ಳೆಯದು. ಗುಂಪಿನಲ್ಲಿ ಒಬ್ಬಿಬ್ಬರು ಏಳುವುದಿಲ್ಲ, ಬಿಡಿ, ಅವರು ಆಮೇಲೆ ಕೋಟೆಯ ಹತ್ತಿರ ಬಂದು ಸೇರಲಿ. ಏಳು ಗಂಟೆಗೆ ಮುಂಚೆ ಚಾರ್ಲ್ಸ್ ಸೇತುವೆಯ ಹಳೇ ಊರಿನ ಕಡೆಯ ತುದಿಯಲ್ಲಿರಿ. ಹತ್ತು ಗಂಟೆಗೆ ಅದೇ ಸೇತುವೆ ಮೇಲೆ ಜಾತ್ರೆ ಇರುತ್ತದೆ, ಕಾಲಿಡಲು ಜಾಗ ಇರುವುದಿಲ್ಲ, ಜೇಬುಗಳ್ಳರು ಬೇರೆ. ಈ ಸೇತುವೆಗೆ ರಾಜ ನಾಲ್ಕನೇ ಚಾರ್ಲ್ಸ್ ಅಡಿಗಲ್ಲು ಹಾಕಿದ್ದು 1357ರಲ್ಲಿ. ಹಳೆಯ ಸೇತುವೆ 1342ರ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. 1841ರವರೆಗೂ ಪ್ರಾಗ್‌ನಲ್ಲಿ ವ್ಲತಾವಾ ನದಿ ದಾಟಲು ಇದ್ದದ್ದು ಇದೊಂದೇ ಸೇತುವೆ. ಮೇಲಿರುವ 30 ವಿಗ್ರಹಗಳಲ್ಲಿ ಹೆಚ್ಚಿನವು ನಕಲು, ಮೂಲ ವಿಗ್ರಹಗಳನ್ನು ಮಳೆ ಗಾಳಿಯಿಂದ ಉಳಿಸಲು ಒಳಗಿಟ್ಟಿದ್ದಾರೆ.

ತುದಿಯ ಗೋಪುರದ ಕೆಳಗೆ ಎಲ್ಲರನ್ನೂ ನಿಲ್ಲಿಸಿ ಕಥೆಯ ಮೊದಲ ತುಣುಕು ಹೇಳಿ. 1621ರಲ್ಲಿ ಇಲ್ಲಿ ಹನ್ನೆರಡು ಜನರ ತಲೆಗಳನ್ನು ನೇತುಹಾಕಿದ್ದರು. ಹತ್ತು ವರ್ಷ ಅವು ಅಲ್ಲೇ ಇದ್ದವು. ಯಾರ ತಲೆ, ಯಾಕೆ ಅಂತ ಕೇಳುತ್ತಾರೆ, ಸಂಜೆ ಹೇಳುತ್ತೇನೆ ಅನ್ನಿ. ನಿದ್ದೆಗಣ್ಣಲ್ಲಿರುವವರನ್ನು ನಡೆಸಲು ಇದು ಕಾಫಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಸೇತುವೆ ದಾಟಿದರೆ ಮಾಲಾ ಸ್ಟ್ರಾನಾ. ಇಲ್ಲಿಂದ ಕೋಟೆಗೆ ಮೆಟ್ಟಿಲು ಹತ್ತಿ ಹೋಗುವವರೇ ಜಾಸ್ತಿ. ನೀವು ಮಾತ್ರ ಮಾಲೋಸ್ಟ್ರಾನ್ಸ್ಕೆ ಚೌಕದಲ್ಲಿ 22ನೇ ನಂಬರ್ ಟ್ರಾಮ್ ಹತ್ತಿ. ಟ್ರಾಮ್ ಮುಂದಿನ ಬೋರ್ಡ್‌ನಲ್ಲಿ ಬೀಲಾ ಹೊರಾ ಅಂತ ಕಾಣಿಸಿದರೆ ಗಮನಿಸಿ. ಅದು ಕೊನೇ ನಿಲ್ದಾಣ, ಕಥೆಯ ಯುದ್ಧಭೂಮಿಯೂ ಅದೇ. 1620ರ ನವೆಂಬರ್‌ನಲ್ಲಿ ಬೊಹೀಮಿಯಾದ (ಪ್ರಾಗ್ ಸುತ್ತಲಿನ ನಾಡಿನ ಹಳೇ ಹೆಸರು) ಪ್ರಾಟೆಸ್ಟಂಟ್ ಕ್ರೈಸ್ತ ಬಂಡುಕೋರರು ಕ್ಯಾಥೊಲಿಕ್ ಚಕ್ರವರ್ತಿಯ ಸೈನ್ಯದ ಎದುರು ಸುಮಾರು ಎರಡೇ ಗಂಟೆಯಲ್ಲಿ ಸೋತರು. ಅಲ್ಲಿಯವರೆಗೆ ಹೋಗಬೇಕಿಲ್ಲ. ಪ್ರಾಗ್ ಕೋಟೆಯ ನಿಲ್ದಾಣವನ್ನೂ ಬಿಟ್ಟು ಮುಂದೆ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಪಕ್ಕದಲ್ಲೇ ಸ್ಟ್ರಾಹೋವ್ ಮಠ, ಅದರ ಅಂಚಿಗೆ ಬಂದರೆ ಇಡೀ ಊರಿನ ಕೆಂಪು ಹೆಂಚಿನ ಮಾಡುಗಳು ಕಾಲಡಿಯಲ್ಲಿ. ಬ್ರೆಡ್ಡೋ ಹಣ್ಣೋ ತಂದಿದ್ದರೆ ಇಲ್ಲೇ ತಿನ್ನಿ. ಆಮೇಲೆ ಲೊರೆಟಾ ಚರ್ಚಿನ ಮುಂದೆ ಹಾದು ನಿಧಾನಕ್ಕೆ ಇಳಿಯುತ್ತಾ ಕೋಟೆಯ ಬಾಗಿಲಿಗೆ.

ಕೋಟೆಯ ಅಂಗಳಗಳು ಬೆಳಿಗ್ಗೆ ಆರಕ್ಕೇ ತೆರೆದಿರುತ್ತವೆ, ಅದಕ್ಕೆ ಟಿಕೆಟ್ ಬೇಡ. ಕಟ್ಟಡಗಳು ಒಂಬತ್ತಕ್ಕೆ. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರಬಹುದು, ದೊಡ್ಡ ಲಗೇಜ್ ತರಬೇಡಿ. ದುಡ್ಡು ಕೊಟ್ಟು ಒಳಗೆ ಹೋಗುವುದು ದಿನಕ್ಕೆ ಒಂದೇ ಜಾಗ ಅಂತ ಮಾಡಿಕೊಳ್ಳಿ, ಆ ಒಂದು ಇದಾಗಲಿ. ವಿದ್ಯಾರ್ಥಿಗಳು ಕಾರ್ಡ್ ತೋರಿಸಿದರೆ ರಿಯಾಯಿತಿ. ಟಿಕೆಟ್ ಬೇಡ ಅನ್ನುವವರು ಅಂಗಳದಲ್ಲೇ ಸುತ್ತುತ್ತಿರಲಿ, ಯಾರನ್ನೂ ಎಳೆದುಕೊಂಡು ಹೋಗಬೇಡಿ.

ಸೇಂಟ್ ವಿಟಸ್ ಕ್ಯಾಥೆಡ್ರಲ್ 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿಯಿತು. ಅಷ್ಟು ಹಳೆಯ ಗುಡಿಯಲ್ಲಿ ಎಡಗಡೆಯ ಒಂದು ಗಾಜಿನ ಕಿಟಕಿ ಇಷ್ಟು ಹೊಸದಾಗಿ ಯಾಕೆ ಕಾಣುತ್ತದೆ ಅಂದರೆ ಅದು ಚಿತ್ರಕಾರ ಆಲ್ಫೊನ್ಸ್ ಮುಖಾ ವಿನ್ಯಾಸ ಮಾಡಿದ್ದು, ಇಪ್ಪತ್ತನೇ ಶತಮಾನದ್ದು. ಅಲ್ಲಿಂದ ಹಳೇ ಅರಮನೆಗೆ ಬನ್ನಿ. ವ್ಲಾಡಿಸ್ಲಾವ್ ಹಾಲ್ ಎಷ್ಟು ದೊಡ್ಡದು ಅಂದರೆ ಒಳಗೇ ಕುದುರೆ ಮೇಲೆ ಕೂತು ಈಟಿ ಹಿಡಿದು ಸ್ಪರ್ಧೆ ಮಾಡುತ್ತಿದ್ದರು, ಕುದುರೆಗಳು ಹತ್ತಿ ಬರಲೆಂದೇ ಅಗಲವಾದ ಮೆಟ್ಟಿಲು ದಾರಿ ಇದೆ. ಹೆಚ್ಚಿನ ಜನ ಹಾಲ್ ನೋಡಿ ಹೊರಟುಬಿಡುತ್ತಾರೆ. ಪಕ್ಕದ ಚಿಕ್ಕ ಕೋಣೆಗಳಿಗೆ ಹೋಗಿ, ನಿಮ್ಮ ಕಥೆಯ ಕಿಟಕಿ ಇರುವುದು ಅಲ್ಲೇ. 1618ರ ಮೇ 23ರಂದು ಸಿಟ್ಟಿಗೆದ್ದ ಪ್ರಾಟೆಸ್ಟಂಟ್ ಮುಖಂಡರು ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಎತ್ತಿ ಕಿಟಕಿಯಿಂದ ಆಚೆ ಹಾಕಿದರು. ಸುಮಾರು 20 ಮೀಟರ್ ಕೆಳಗೆ ಬಿದ್ದರೂ ಮೂವರೂ ಬದುಕಿಕೊಂಡರು. ಮೇರಿ ಮಾತೆಯೇ ಕಾಪಾಡಿದಳು ಅಂತ ಕ್ಯಾಥೊಲಿಕರು, ತಿಪ್ಪೆ ಮೇಲೆ ಬಿದ್ದರು ಅಂತ ಎದುರಾಳಿಗಳು. ಕಿಟಕಿಯಿಂದ ಬಗ್ಗಿ ನೋಡಿದ ಮೇಲೆ ನಿಮ್ಮ ಗುಂಪಿನಲ್ಲೂ ಎರಡು ಪಕ್ಷ ಆಗುವುದು ಖಂಡಿತ. ಯುರೋಪನ್ನು ಮೂವತ್ತು ವರ್ಷ ಸುಟ್ಟ ಯುದ್ಧ ಹೊತ್ತಿಕೊಂಡಿದ್ದು ಇಲ್ಲಿ.

ಗೋಲ್ಡನ್ ಲೇನ್‌ನ ಗೊಂಬೆ ಮನೆಗಳಂಥ ಪುಟ್ಟ ಮನೆಗಳು ಅದೇ ಟಿಕೆಟ್‌ನಲ್ಲಿ ಬರುತ್ತವೆ. 22ನೇ ನಂಬರಿನಲ್ಲಿ ಕಥೆಗಾರ ಕಾಫ್ಕಾ ಕೂತು ಬರೆಯುತ್ತಿದ್ದ. ನೂಕುನುಗ್ಗಲು ಇದ್ದರೆ ಬೇಗ ಮುಗಿಸಿ.

ಕೋಟೆಯ ಪೂರ್ವದ ಬಾಗಿಲಿನಿಂದ ಹಳೇ ಮೆಟ್ಟಿಲು ಇಳಿದರೆ ಮಾಲೋಸ್ಟ್ರಾನ್ಸ್ಕಾ ಮೆಟ್ರೋ. ನಿಲ್ದಾಣದ ಪಕ್ಕದಲ್ಲೇ ವಾಲೆನ್‌ಸ್ಟೈನ್ ತೋಟ. ಪ್ರವೇಶ ಉಚಿತ, ಬೇಸಿಗೆ ತಿಂಗಳುಗಳಲ್ಲಿ ಮಾತ್ರ ತೆರೆದಿರುತ್ತದೆ, ಒಳಗೆ ನವಿಲುಗಳು ಓಡಾಡುತ್ತವೆ. ಕಾಲು ಚಾಚಿ ಅರ್ಧ ಗಂಟೆ ಕೂರಿ. ಸೋತವರಿಂದ ಕಿತ್ತುಕೊಂಡ ಜಮೀನುಗಳನ್ನು ಅಗ್ಗಕ್ಕೆ ಕೊಂಡು ಕೊಬ್ಬಿದ ಸೇನಾಪತಿ ವಾಲೆನ್‌ಸ್ಟೈನ್, ಇಪ್ಪತ್ತಕ್ಕೂ ಹೆಚ್ಚು ಮನೆ ಕೆಡವಿಸಿ ಈ ಅರಮನೆ ಕಟ್ಟಿಸಿದ. ಕೊನೆಗೆ ಚಕ್ರವರ್ತಿಗೆ ಅವನ ಮೇಲೇ ಅನುಮಾನ ಬಂತು, 1634ರಲ್ಲಿ ಅವನದೇ ಕಡೆಯವರು ಕೊಂದರು. ತೋಟದ ಕಂಚಿನ ಪ್ರತಿಮೆಗಳು ನಕಲು. 1648ರಲ್ಲಿ ಸ್ವೀಡನ್ ಸೈನ್ಯ ಕೋಟೆಯ ಕಡೆಯ ದಡವನ್ನೆಲ್ಲಾ ದೋಚಿತು, ಮೂಲ ಪ್ರತಿಮೆಗಳು ಇಂದಿಗೂ ಸ್ವೀಡನ್‌ನಲ್ಲಿವೆ. ಆ ಸೈನ್ಯ ನದಿ ದಾಟಲು ಬಂದಾಗ ವಿದ್ಯಾರ್ಥಿಗಳೂ ಊರಿನವರೂ ಸೇರಿ ತಡೆದದ್ದು ಬೆಳಿಗ್ಗೆ ನೀವು ದಾಟಿದ ಸೇತುವೆಯ ಮೇಲೆ.

ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಚೌಕದ ಎದುರಿನ ಹೋಟೆಲುಗಳಲ್ಲಿ ಕೂರಬೇಡಿ, ಎರಡು ಗಲ್ಲಿ ಆಚೆ ಹೋದರೆ ಬೆಲೆ ಇಳಿಯುತ್ತದೆ. ಸಸ್ಯಾಹಾರಿಗಳಿಗೆ ಎಲ್ಲಾ ಕಡೆ ಸಿಗುವುದು ಸ್ಮಾಜೆನಿ ಸೀರ್, ದಪ್ಪ ಚೀಸ್ ತುಂಡಿಗೆ ಬ್ರೆಡ್ ಪುಡಿ ಹಚ್ಚಿ ಕರಿದದ್ದು. ಬ್ರಾಂಬೊರಾಕ್ ಅನ್ನುವ ಆಲೂಗಡ್ಡೆ ದೋಸೆ ಚೆನ್ನಾಗಿರುತ್ತದೆ, ಮೊಟ್ಟೆ ಹಾಕಿರುತ್ತಾರೆ. ಬೆಳ್ಳುಳ್ಳಿ ಸೂಪ್ ಅಂದಾಕ್ಷಣ ಸಸ್ಯಾಹಾರ ಅಂದುಕೊಳ್ಳಬೇಡಿ, ಮಾಂಸದ ರಸ ಇರಬಹುದು, ಕೇಳಿ. ಚೌಕದ ಗಾಡಿಗಳಲ್ಲಿ ಸುಡುವ ಹ್ಯಾಮ್‌ನ ಬೋರ್ಡ್ ಮೇಲಿನ ಬೆಲೆ 100 ಗ್ರಾಂಗೆ. ಅವರು ಕೊಯ್ದು ಕೊಡುವುದು ಅದರ ಎರಡು ಮೂರು ಪಟ್ಟು, ಮೊದಲೇ ತೂಕ ಹೇಳಿ. ಟ್ರ್ಡೆಲ್ನಿಕ್ ಅಂತ ಸಕ್ಕರೆ ಹಚ್ಚಿದ ಸುರುಳಿಯನ್ನು ಪ್ರಾಗ್‌ನ ಪುರಾತನ ತಿಂಡಿ ಅಂತ ಮಾರುತ್ತಾರೆ. ಪುರಾತನವೂ ಅಲ್ಲ, ಪ್ರಾಗ್‌ನದೂ ಅಲ್ಲ. ಬಿಸಿಯಾಗಿದ್ದರೆ ತಿನ್ನಿ, ಅಷ್ಟೇ.

ಮಧ್ಯಾಹ್ನ ಮೆಟ್ರೋದಲ್ಲಿ ಒಂದೇ ನಿಲ್ದಾಣ, ಸ್ಟಾರೊಮ್ಯೆಸ್ಟ್ಸ್ಕಾ. ಅಥವಾ ಮಾನೆಸ್ ಸೇತುವೆ ಮೇಲೆ ನಡೆದೇ ಬನ್ನಿ, ಚಾರ್ಲ್ಸ್ ಸೇತುವೆಯ ಫೋಟೋ ಇಲ್ಲಿಂದ ಚೆನ್ನಾಗಿ ಬರುತ್ತದೆ. ಹಳೇ ಊರಿನ ಚೌಕಕ್ಕೆ ಬಂದ ಕೂಡಲೇ ಯಾರಾದರೂ ತಪ್ಪಿಸಿಕೊಂಡರೆ ಧರ್ಮ ಸುಧಾರಕ ಯಾನ್ ಹುಸ್ ಪ್ರತಿಮೆಯ ಹತ್ತಿರ ಸೇರೋಣ ಅಂತ ಮಾತಾಡಿಕೊಳ್ಳಿ. 1410ರ ಖಗೋಳ ಗಡಿಯಾರದ ಮುಂದೆ ಗಂಟೆಗೊಮ್ಮೆ ಜನ ಕತ್ತೆತ್ತಿ ನಿಂತಿರುತ್ತಾರೆ. ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಅಪೊಸ್ತಲರು (ಯೇಸುವಿನ ಶಿಷ್ಯರು) ಕಿಟಕಿಯಲ್ಲಿ ಸಾಲಾಗಿ ಹೋಗುತ್ತಾರೆ, ಕೋಳಿ ಕೂಗುತ್ತದೆ, ಇಷ್ಟೇನಾ ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೆಂದು ಅರ್ಧ ಗಂಟೆ ಕಾಯಬೇಡಿ. ಎಲ್ಲರ ಕಣ್ಣೂ ಮೇಲಿರುವಾಗ ಕೈ ಮಾತ್ರ ಜೇಬಿನ ಮೇಲಿರಲಿ.

ಗಡಿಯಾರದ ಮೂಲೆ ತಿರುಗಿ ಪುರಭವನದ ಗೋಡೆಯ ಕೆಳಗೆ ನೆಲ ನೋಡಿ. ಕಲ್ಲಿನಲ್ಲಿ 27 ಬಿಳಿ ಶಿಲುಬೆಗಳು. ಬೀಲಾ ಹೊರಾದಲ್ಲಿ ಸೋತ ಬಂಡಾಯದ 27 ಮುಖಂಡರನ್ನು 1621ರ ಜೂನ್ 21ರಂದು ಇಲ್ಲೇ ಕೊಂದರು. ಅವರಲ್ಲಿ ಒಬ್ಬ ಯಾನ್ ಯೆಸೆನಿಯುಸ್, ವೈದ್ಯ, ವಿಶ್ವವಿದ್ಯಾಲಯದ ಮುಖ್ಯಸ್ಥ. 1600ರಲ್ಲಿ ಪ್ರಾಗ್‌ನಲ್ಲಿ ಜನರ ಎದುರೇ ಶವ ಕೊಯ್ದು ಶರೀರದ ಪಾಠ ಮಾಡಿದವನು. ಬೆಳಿಗ್ಗೆ ಗೋಪುರದ ಬಳಿ ಹೇಳಿದ ಹನ್ನೆರಡು ತಲೆಗಳು ಇಲ್ಲಿಂದ ಹೋದವು. ಜನ ಇದನ್ನು ತುಳಿದುಕೊಂಡೇ ಗಡಿಯಾರಕ್ಕೆ ಓಡುತ್ತಿರುತ್ತಾರೆ.

ಇದಾದ ಮೇಲೆ ಎರಡು ಗಂಟೆ ಎಲ್ಲರನ್ನೂ ಬಿಟ್ಟುಬಿಡಿ. ಶಾಪಿಂಗ್, ಕಾಫಿ, ನಿದ್ದೆ, ಯಾರಿಗೆ ಏನು ಬೇಕೋ ಅದು. ದಿನವಿಡೀ ಗುಂಪಿನಲ್ಲಿ ಗೋವಿಂದ ಅಂತ ತಿರುಗಿದರೆ ಸಂಜೆಗೆ ಜಗಳ ಗ್ಯಾರಂಟಿ.

ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಲೆಟ್ನಾ ಪಾರ್ಕಿನಲ್ಲಿ ಸೇರಿ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು, ಅದಕ್ಕೆ ತಕ್ಕಂತೆ ಮೇಲಿನದನ್ನೆಲ್ಲಾ ಹಿಂದೆ ಮುಂದೆ ಮಾಡಿಕೊಳ್ಳಿ. ಚೆಕ್ ಸೇತುವೆ ದಾಟಿ ಮೆಟ್ಟಿಲು ಹತ್ತಬೇಕು, ಕಾಲು ನೋವಿದ್ದವರು ಟ್ರಾಮ್ ಹಿಡಿದು ಹಿಂದಿನಿಂದ ಬರಲಿ. ದೊಡ್ಡ ಮೆಟ್ರೋನೋಮ್ (ಸಂಗೀತಕ್ಕೆ ತಾಳ ತೋರಿಸುವ ಯಂತ್ರದ ಆಕಾರದ್ದು) ಇರುವ ಜಾಗದಲ್ಲಿ 1955ರಿಂದ 1962ರವರೆಗೆ ಸ್ಟಾಲಿನ್‌ನ ಭಾರೀ ಪ್ರತಿಮೆ ಇತ್ತು, ಸಿಡಿಮದ್ದು ಇಟ್ಟು ಕೆಡವಿದರು. ಅಲ್ಲಿಂದ ನದಿಯ ಸೇತುವೆಗಳು ಒಂದರ ಹಿಂದೆ ಒಂದು ಕಾಣುತ್ತವೆ. ಬಿಯರ್ ತೋಟವೂ ಇದೆ, ಬಿಯರ್ ಕುಡಿಯದವರಿಗೆ ನಿಂಬೆ ಪಾನಕ.

ರಾತ್ರಿ ಊಟಕ್ಕೆ ಹಳೇ ಪಬ್‌ಗೆ ಹೋದರೆ ಟೇಬಲ್ ಮೇಲೆ ಒಂದು ಚೀಟಿ ಇಟ್ಟು ಪ್ರತಿ ಗ್ಲಾಸಿಗೂ ಗೆರೆ ಎಳೆಯುತ್ತಾರೆ, ಆ ಚೀಟಿ ಕಳೆಯಬೇಡಿ. ಕೇಳದೆ ತಂದಿಟ್ಟ ಬ್ರೆಡ್, ಕಡಲೆಕಾಯಿಗೆ ದುಡ್ಡು ಹಾಕುವ ಕಡೆಗಳೂ ಇವೆ, ಬೇಡದಿದ್ದರೆ ಮುಟ್ಟದೆ ವಾಪಸ್ ಕೊಡಿ. ಸೇವೆ ಚೆನ್ನಾಗಿದ್ದರೆ ನೂರಕ್ಕೆ ಹತ್ತರಷ್ಟು ಟಿಪ್ಸ್ ಸಾಕು. ಮೆಟ್ರೋ ನಡುರಾತ್ರಿಯ ಹೊತ್ತಿಗೆ ನಿಲ್ಲುತ್ತದೆ, ಶುಕ್ರವಾರ ಶನಿವಾರ ಇನ್ನೊಂದು ಗಂಟೆ ಜಾಸ್ತಿ. ಆಮೇಲೆ ತೊಂಬತ್ತರ ನಂಬರಿನ ರಾತ್ರಿ ಟ್ರಾಮ್‌ಗಳು ಓಡುತ್ತವೆ, ಎಲ್ಲವೂ ಲಾಜಾರ್ಸ್ಕಾ ನಿಲ್ದಾಣಕ್ಕೆ ಬಂದೇ ಹೋಗುತ್ತವೆ. ಅಲ್ಲಿಗೆ ಹೋಗಿ ನಿಂತರೆ ನಿಮ್ಮ ಕಡೆಯದು ಸಿಗುತ್ತದೆ, ಬೆಳಿಗ್ಗೆ ಅಚ್ಚು ಹಾಕಿಸಿದ ಟಿಕೆಟ್ ಇದಕ್ಕೂ ನಡೆಯುತ್ತದೆ.